ಬಹರೂಮನ ಗಡಿಯಾಚೆಯ ಸಂಸಾರ

ಪಾದಾಂಗ್ ಬೆಸಾರ್ ರೈಲು ನಿಲ್ದಾಣದ ಮೇಲ್ಮಹಡಿಯ ಕ್ಯಾಂಟೀನಿನಲ್ಲಿ ಬೋರ್ಡುಗಳಿಗೇನೂ ಕೊರತೆ ಇಲ್ಲ. ಸಿಗರೇಟು ಸೇದಬಾರದು, ಡೂರಿಯನ್ ಹಣ್ಣು ತರಬಾರದು, ಕೈ ತೊಳೆಯುವ ಬೇಸಿನ್ನಿನಲ್ಲಿ ಕಾಲು ತೊಳೆಯಬಾರದು ಎಂದೆಲ್ಲ ಬರೆದು ಹಾಕಿದ್ದಾರೆ. ಸರ್ವೆಗೆ ಬಂದ ಹುಡುಗಿಯ ಹತ್ತಿರ ಸುಳ್ಳು ಹೇಳಬಾರದು ಎಂದು ಇನ್ನೊಂದು ಬೋರ್ಡು ಹಾಕಿದ್ದರೆ ಬಹರೂಮನ ಮನೆಯ ನೆಮ್ಮದಿ ಉಳಿಯುತ್ತಿತ್ತು.

ಬಹರೂಮ್ ಅರಾವ್ ಊರಿನವನು. ಸ್ಟೇಷನ್ ರಸ್ತೆಯಲ್ಲಿ ಬೀಗದ ಕೈ ಮಾಡಿಕೊಡುವ ಗೂಡಂಗಡಿ ಅವನದು. ವಯಸ್ಸು ಐವತ್ತು ದಾಟಿತು, ರಕ್ತದಲ್ಲಿ ಸಕ್ಕರೆ ಸೇರಿತು. ಅಂದಿನಿಂದ ಹೆಂಡತಿ ಸಲ್ಮಿಯಾಳ ಆಡಳಿತ ಅಡುಗೆಮನೆಯ ಹೊಸ್ತಿಲು ದಾಟಿ ಊರಿನ ಚಹಾದಂಗಡಿಗಳವರೆಗೂ ಹಬ್ಬಿತು. ಅವಳು ಒಂದೊಂದು ಅಂಗಡಿಗೂ ಖುದ್ದಾಗಿ ಹೋಗಿ, ತನ್ನ ಗಂಡನಿಗೆ ಸಿಹಿ ಚಹಾ ಕೊಟ್ಟವರ ಗತಿ ಏನಾಗುತ್ತದೆಂದು ನಗುತ್ತಲೇ ತಿಳಿಸಿ ಬಂದಿದ್ದಳು. ಆಮೇಲೆ ಅವನಿಗೆ ಡಬ್ಬಿಯ ಸಿಹಿ ಗಟ್ಟಿಹಾಲು ಸುರಿದ ಚಹಾ ಕೊಡುವ ಗಂಡಸು ಅರಾವ್ ಪೇಟೆಯಲ್ಲಿ ಉಳಿಯಲಿಲ್ಲ.

ಹೀಗಾಗಿ ಅವನು ಪ್ರತಿ ಶನಿವಾರ, ಬೀಗದ ಕೈಗೆ ಹಿತ್ತಾಳೆ ಸಾಮಾನು ತರಬೇಕೆಂದು ಹೆಂಡತಿಗೆ ಹೇಳಿ, ಲೋಕಲ್ ರೈಲು ಹತ್ತಿ ಗಡಿಯ ಈ ಕೊನೆಯ ಸ್ಟೇಷನ್ನಿಗೆ ಬರುತ್ತಿದ್ದ. ಮೇಲಿನ ಕ್ಯಾಂಟೀನಿನಲ್ಲಿ ಕೂತು ಸಿಹಿ ಚಹಾ ಕುಡಿದು, ಒಂದು ತಟ್ಟೆ ಬಾಳೆಹಣ್ಣಿನ ಬಜ್ಜಿ ಮುಗಿಸಿ, ಬಾಯಿ ಮುಕ್ಕಳಿಸಿ ಮನೆಗೆ ಹೋಗುತ್ತಿದ್ದ. ಕೆಳಗೆ ಅದೇ ಕಟ್ಟಡದಲ್ಲಿ ಮಲೇಷ್ಯಾದ ಕೌಂಟರು, ಅದರ ಪಕ್ಕದಲ್ಲೇ ಥಾಯ್ ಕೌಂಟರು, ಅದರಾಚೆ ಹಾಟ್ ಯಾಯ್ ಊರಿಗೆ ಹೊರಡುವ ಥಾಯ್ ರೈಲು. ಈಚೆಗಂತೂ ಶನಿವಾರ ಬಂತೆಂದರೆ ನಮ್ಮ ಪೆರ್ಲಿಸ್ ರಾಜ್ಯವೇ ಖಾಲಿಯಾಗಿ ಆ ರೈಲಿಗೆ ನುಗ್ಗುತ್ತದೆ. ಕೋಳಿ ತಿನ್ನಲು ಒಬ್ಬರು, ಮೈಕೈ ಒತ್ತಿಸಿಕೊಳ್ಳಲು ಒಬ್ಬರು, ಮಗಳ ಮದುವೆಗೆ ಬಟ್ಟೆ ತರಲು ಇನ್ನೊಬ್ಬರು. ಬಹರೂಮ್ ಮಾತ್ರ ಒಂದು ಸಲವೂ ಆ ಬಾಗಿಲು ದಾಟಿದವನಲ್ಲ. ಹೋದವರ ನೂಕುನುಗ್ಗಲನ್ನು ಮೇಲಿನಿಂದ ನೋಡುತ್ತ ಬಜ್ಜಿ ತಿನ್ನುವುದೇ ಅವನ ವಿದೇಶ ಪ್ರವಾಸ.

ಆ ಶನಿವಾರ ಅವನ ಮೇಜಿನೆದುರು ಬಂದು ನಿಂತವಳ ಹೆಸರು ಹುಮೈರಾ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ರೈಲಿನಲ್ಲಿ ಗಡಿ ದಾಟುವ ಪ್ರಯಾಣಿಕರು ಯಾಕೆ ಹೆಚ್ಚುತ್ತಿದ್ದಾರೆ, ಯಾರು ಹೋಗುತ್ತಾರೆ, ಯಾತಕ್ಕೆ ಹೋಗುತ್ತಾರೆ ಎಂದು ರಾಜಧಾನಿಯ ಯಾವುದೋ ಅಧ್ಯಯನ ಸಂಸ್ಥೆಯವರು ಅವಳನ್ನು ಕಳಿಸಿದ್ದರು. ಬೆಳಗಿನಿಂದ ಅವಳು ಮಾತಾಡಿಸಿದವರಲ್ಲಿ ಹೆಚ್ಚಿನವರು ರೈಲು ತಪ್ಪುತ್ತದೆಂದು ಓಡಿಹೋಗಿದ್ದರು. ಇಡೀ ನಿಲ್ದಾಣದಲ್ಲಿ ಓಡುವ ಲಕ್ಷಣವಿಲ್ಲದ ಪ್ರಯಾಣಿಕ ಎಂದರೆ ಇವನೊಬ್ಬನೇ.

ತಾನು ಪ್ರಯಾಣಿಕನಲ್ಲ ಎಂದು ಬಹರೂಮ್ ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಆದರೆ ಪಕ್ಕದ ಮೇಜಿನಲ್ಲಿ ಬೆನ್ನಿನ ಚೀಲ ಇಳಿಸಿ ಕೂತಿದ್ದ ಎಳೆಯ ಗಂಡಹೆಂಡಿರು ಆಗಷ್ಟೇ, ತಾವು ತಿಂಗಳಿಗೊಮ್ಮೆ ಹೋಗುತ್ತೇವೆಂದು ಅವಳಿಗೆ ಜಂಬದಿಂದ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ಐವತ್ತು ದಾಟಿದ ಗಂಡಸು, ಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಹುಟ್ಟಿ ಬೆಳೆದವನು, ಒಮ್ಮೆಯೂ ಹೋಗಿಲ್ಲ ಎನ್ನುವುದು ಹೇಗೆ?

"ಪಾಕ್ ಚಿಕ್, ನೀವು ಎಷ್ಟು ದಿನಕ್ಕೊಂದ್ಸಲ ಹೋಗ್ತೀರಿ?" ಎಂದು ಹುಡುಗಿ ಕೇಳಿದಳು. ನಮ್ಮಲ್ಲಿ ತಂದೆಯ ವಯಸ್ಸಿನವರನ್ನು ಚಿಕ್ಕಪ್ಪ ಎಂಬಂತೆ ಹಾಗೆ ಕರೆಯುವುದು.

"ನಾನಾ? ಪ್ರತಿ ವಾರ" ಎಂದ ಬಹರೂಮ್. ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅದರ ಮೇಲೆ ಗೌರವ ಹುಟ್ಟಿತು.

ಹುಡುಗಿಯ ಮುಖ ಅರಳಿತು. ಯಾತಕ್ಕೆ ಹೋಗುತ್ತೀರಿ ಎಂಬ ಪ್ರಶ್ನೆಗೆ ಅವಳ ಟ್ಯಾಬಿನಲ್ಲಿ ಹಲವು ಉತ್ತರಗಳಿದ್ದವು: ಊಟ, ಖರೀದಿ, ಮೋಜು, ಚಿಕಿತ್ಸೆ, ಕುಟುಂಬದ ಭೇಟಿ. ಊಟ ಎಂದರೆ ಹೊಟ್ಟೆಬಾಕ ಅಂದುಕೊಳ್ಳುತ್ತಾಳೆ, ಮೋಜು ಎಂದರೆ ಇನ್ನೇನೋ ಅಂದುಕೊಳ್ಳುತ್ತಾಳೆ, ಚಿಕಿತ್ಸೆ ಎಂದರೆ ರೋಗ ಯಾವುದೆಂದು ಕೇಳುತ್ತಾಳೆ. ಇದ್ದುದರಲ್ಲಿ ಮರ್ಯಾದಸ್ಥ ಉತ್ತರ ಯಾವುದೆಂದು ಎಚ್ಚರಿಕೆಯಿಂದ ಯೋಚಿಸಿ, ಬಹರೂಮ್ "ಕುಟುಂಬದ ಭೇಟಿ" ಎಂದ. ಅವಳು ಫೋಟೋ ಕೇಳಿದಳು. ಪಕ್ಕದವರು ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ಒಂದು ಕ್ಷಣ ಹೆಗಲಿಗೇರಿಸಿ ಅವನು ದೂರದ ಪ್ರಯಾಣಿಕನ ಹಾಗೆ ನಕ್ಕ.

ಎರಡು ವಾರ ಕಳೆದ ಮೇಲೆ ಆ ನಗು ಪತ್ರಿಕೆಯಲ್ಲಿ ಬಂತು. ರೈಲಿನಲ್ಲಿ ಗಡಿ ದಾಟುವವರ ಸಂಖ್ಯೆ ಏರುತ್ತಿದೆ ಎಂಬ ಲೇಖನ. ಏರುವ ಗೆರೆಯ ಚಿತ್ರ. ಅದರ ಪಕ್ಕದಲ್ಲಿ ಅಂಗೈಯಗಲದ ಬಹರೂಮ್. ಅಡಿಯಲ್ಲಿ, 'ಅರಾವ್ ಊರಿನ ಶ್ರೀ ಬಹರೂಮ್ ಪ್ರತಿ ಶನಿವಾರ ತಪ್ಪದೆ ರೈಲಿನಲ್ಲಿ ಗಡಿಯಾಚೆಯ ತಮ್ಮ ಕುಟುಂಬವನ್ನು ನೋಡಿ ಬರುತ್ತಾರೆ' ಎಂಬ ಒಕ್ಕಣೆ.

ನಮ್ಮ ಕಡೆ ಗಡಿಯಾಚೆಯ ಕುಟುಂಬ ಎಂಬ ಮಾತಿಗೆ ಅರ್ಥ ಒಂದೇ. ಇಲ್ಲಿ ಎರಡನೆಯ ಮದುವೆ ಮಾಡಿಕೊಳ್ಳಬೇಕಾದರೆ ಕೋರ್ಟಿಗೆ ಹೋಗಬೇಕು, ಸಂಬಳ ತೋರಿಸಬೇಕು, ಮೊದಲನೆಯವಳ ಎದುರು ಕೂತು ಕಾರಣ ಹೇಳಬೇಕು. ಅಷ್ಟು ಎದೆಗಾರಿಕೆ ಇಲ್ಲದವರು ಸದ್ದಿಲ್ಲದೆ ಗಡಿ ದಾಟಿ ಮದುವೆಯಾಗಿ, ಏನೂ ಆಗದವರ ಹಾಗೆ ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಹಾಗೆ ಮಾಡಿದವರಿದ್ದಾರೆ. ಆದರೆ ಮಾಡಿದ್ದನ್ನು ಫೋಟೋ ಸಮೇತ ಪತ್ರಿಕೆಯಲ್ಲಿ ಹಾಕಿಸಿಕೊಂಡವನು ಇವನೊಬ್ಬನೇ ಎಂದು ಊರಿನವರು ಒಪ್ಪಿಕೊಂಡರು.

ಪತ್ರಿಕೆಯ ಆ ತುಣುಕನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಮೊದಲು ಹಾಕಿದವನು ಸಲ್ಮಿಯಾಳ ಅಣ್ಣ ಮನ್ಸೋರ್. ಮನೆಯ ಹಿರಿಯ ಮಗನಾದ್ದರಿಂದ ಎಲ್ಲರಿಗೂ ಅವನು ಬಾಂಗ್ ಲಾಂಗ್, ದೊಡ್ಡಣ್ಣ. ಕಾರು ಓಡಿಸುವುದನ್ನು ಕಲಿಸುವುದು ಅವನ ಕಸುಬು. ಎದುರಿಗೆ ಯಾರೇ ಕೂತಿರಲಿ, ಈಗಷ್ಟೇ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದವರನ್ನು ನೋಡುವ ಹಾಗೆ ನೋಡುತ್ತಿದ್ದ.

ಸಲ್ಮಿಯಾ ಕೂಗಾಡಲಿಲ್ಲ. ಮೂವತ್ತು ವರ್ಷ ಗಂಡನನ್ನು 'ಅಬಾಂಗ್' ಎಂದು ಕರೆದವಳು ಅಂದಿನಿಂದ 'ಎಂಚಿಕ್ ಬಹರೂಮ್' ಎಂದು, ಬ್ಯಾಂಕಿನ ಗುಮಾಸ್ತೆ ಗಿರಾಕಿಯನ್ನು ಕರೆದ ಹಾಗೆ ಕರೆಯತೊಡಗಿದಳು. ಎಂಚಿಕ್ ಬಹರೂಮ್ ಅವರಿಗೆ ಅನ್ನ ಬೇಕೇ, ಎಂಚಿಕ್ ಬಹರೂಮ್ ಅವರ ಅಂಗಿ ಒಣಗಿದೆ. ಅದಕ್ಕಿಂತ ಅವಳು ಪಾತ್ರೆ ಎಸೆದಿದ್ದರೆ ವಾಸಿಯಿತ್ತು ಎಂದು ಬಹರೂಮ್ ಅಂದುಕೊಂಡ.

ಅಂಗಡಿಯಲ್ಲಿ ಬೇರೆಯದೇ ಕಾಟ. ವರ್ಷಗಟ್ಟಲೆ ಈ ಕಡೆ ತಿರುಗಿ ನೋಡದ ಗಂಡಸರು ಬೀಗವೂ ಇಲ್ಲದೆ, ಕೀಲಿಯೂ ಇಲ್ಲದೆ ಬಂದು ನಿಲ್ಲತೊಡಗಿದರು. ಮೀನಿನಂಗಡಿಯವನು ಅತ್ತಿತ್ತ ನೋಡಿ, ಅಲ್ಲಿನ ಕಾಜಿ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಪಿಸುಗುಟ್ಟಿದ. ಪೋಸ್ಟಾಫೀಸಿನ ನಿವೃತ್ತ ನೌಕರರೊಬ್ಬರು, ರೈಲಿನಲ್ಲಿ ಹೋದರೆ ವಾಪಸು ಊಟಕ್ಕೆ ಮನೆಗೆ ಬರಬಹುದೇ ಎಂದಷ್ಟೇ ತಿಳಿದುಕೊಳ್ಳಬೇಕು, ಬೇರೇನಿಲ್ಲ ಎಂದರು. ತನಗೆ ಏನೂ ಗೊತ್ತಿಲ್ಲವೆಂದು ಬಹರೂಮ್ ಆಣೆ ಹಾಕಿದ. ಗುಟ್ಟು ಬಿಡದ ಗಟ್ಟಿ ಮನುಷ್ಯ ಎಂದು ಅವರು ಮೆಚ್ಚಿಕೊಂಡು ಹೋದರು. ಪಕ್ಕದ ಮನೆಯ ಕಲ್ಸೋಮ್ ಅಂತೂ ಸಾವಾದ ಮನೆಗೆ ತರುವ ಹಾಗೆ ಸಾರು ಅನ್ನ ತಂದು ಸಲ್ಮಿಯಾಳ ಕೈಗಿತ್ತು, ಬಹರೂಮನ ಎದುರೇ ಕಣ್ಣೊರೆಸಿಕೊಂಡಳು.

ಭಾನುವಾರ ಮನ್ಸೋರ್ ವಿಚಾರಣೆಗೆ ಕೂತ. ಹಜಾರದ ನಡುವಿನ ಕುರ್ಚಿಯಲ್ಲಿ ಅವನು, ಗೋಡೆಗೊರಗಿ ಸಲ್ಮಿಯಾ, ಬಾಗಿಲ ಹತ್ತಿರ ಬಹರೂಮ್. ಮಾತಿಗಿಂತ ಸಾಕ್ಷಿ ಮೇಲು ಎಂದು ಬಗೆದು ಬಹರೂಮ್ ಬೀರುವಿನಿಂದ ತನ್ನ ಪಾಸ್‌ಪೋರ್ಟು ತಂದು ಮೇಜಿನ ಮೇಲಿಟ್ಟ. ಊರಿನವರೆಲ್ಲ ಮಾಡಿಸುತ್ತಿದ್ದಾರೆಂದು ತಾನೂ ಮಾಡಿಸಿ, ಒಮ್ಮೆಯೂ ಬಳಸದೆ ಇಟ್ಟಿದ್ದ ಪಾಸ್‌ಪೋರ್ಟು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದೇ ಒಂದು ಮುದ್ರೆ ಇಲ್ಲ.

ಸಲ್ಮಿಯಾಳ ಹುಬ್ಬು ಸ್ವಲ್ಪ ಸಡಿಲವಾಯಿತು. ಬಹರೂಮನಿಗೆ ಉಸಿರು ಬಂತು. ಮನ್ಸೋರ್ ಮಾತ್ರ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಮುಚ್ಚಿದ.

"ಪ್ರತಿ ವಾರ ಹೋಗ್ತಾನೆ. ಆದ್ರೆ ಮುದ್ರೆ ಇಲ್ಲ" ಎಂದ ತಂಗಿಯ ಕಡೆ ತಿರುಗಿ. "ಅಂದ್ರೆ ಇವ್ನು ಕೌಂಟರ್‌ನಲ್ಲಿ ಹೋಗ್ತಾ ಇಲ್ಲ ಸಲ್ಮಿಯಾ. ಬೇಲಿ ಹಾರಿ ಹೋಗ್ತಾ ಇದಾನೆ. ಅಷ್ಟು ಆಸೆ."

ಸಲ್ಮಿಯಾ ಗಂಡನ ಹೊಟ್ಟೆಯನ್ನೊಮ್ಮೆ ನೋಡಿದಳು. ಆ ಹೊಟ್ಟೆ ಹೊತ್ತು ಬೇಲಿ ಹಾರುವುದು ಸುಲಭವಲ್ಲ ಎಂಬುದು ಯಾರಿಗೂ ಹೊಳೆಯಬೇಕಾದ ವಿಷಯ. ಆದರೆ ಅವಳಿಗೆ ಹೊಳೆದದ್ದು ಬೇರೆ: ಆ ಹೊಟ್ಟೆಯನ್ನೂ ಲೆಕ್ಕಿಸದೆ ಹಾರುತ್ತಾನೆಂದರೆ ಗಡಿಯಾಚೆಯವಳು ಎಂಥವಳಿರಬೇಕು. ಎದ್ದು ಒಳಗೆ ಹೋದಳು.

ಮನ್ಸೋರನ ಈ ತರ್ಕ ಅವನೊಬ್ಬನದೇ ಆಗಿ ಉಳಿಯಲಿಲ್ಲ. ಪತ್ರಿಕೆಯನ್ನು ಸರಕಾರದವರೂ ಓದುತ್ತಾರೆ. ಆ ವಾರದಲ್ಲೇ ಬಹರೂಮನಿಗೆ ಪಾದಾಂಗ್ ಬೆಸಾರಿನಿಂದ ಕರೆ ಬಂತು. ಗಡಿ ತಪಾಸಣೆಯ ಅಧಿಕಾರಿಯೊಬ್ಬರು ಪಾಸ್‌ಪೋರ್ಟು ತೆಗೆದುಕೊಂಡು ಬನ್ನಿ ಎಂದರು. ಅಜ್ಮನ್ ಎಂಬ ಆ ಅಧಿಕಾರಿ ದಣಿದ ಮನುಷ್ಯ. ವಾರವೆಲ್ಲ ಜನರ ಮುಖವನ್ನೂ ಫೋಟೋವನ್ನೂ ಹೋಲಿಸಿ ನೋಡಿ, ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡವರ ಮುಖ ಅವರದು. ಪತ್ರಿಕೆಯ ತುಣುಕನ್ನು ಒಂದು ಕಡೆ, ಖಾಲಿ ಪಾಸ್‌ಪೋರ್ಟನ್ನು ಇನ್ನೊಂದು ಕಡೆ ಇಟ್ಟರು.

"ಎಂಚಿಕ್, ನೀವು ಒಂದೋ ಪತ್ರಿಕೆಗೆ ಸುಳ್ಳು ಹೇಳಿದೀರಿ, ಇಲ್ಲಾ ಸರ್ಕಾರಕ್ಕೆ ಮೋಸ ಮಾಡಿದೀರಿ. ಯಾವ್ದು ಅಂತ ನೀವೇ ಹೇಳಿ, ನಂಗೆ ಊಟಕ್ಕೆ ಹೋಗ್ಬೇಕು" ಎಂದರು.

ಬಹರೂಮ್ ಸತ್ಯ ಹೇಳಿದ. ಸಕ್ಕರೆ ಕಾಯಿಲೆ, ಹೆಂಡತಿಯ ಕಾವಲು, ಮೇಲಿನ ಕ್ಯಾಂಟೀನು, ಗಟ್ಟಿಹಾಲಿನ ಚಹಾ, ಬಜ್ಜಿ, ಸರ್ವೆಯ ಹುಡುಗಿ, ಬಾಯಿಗೆ ಬಂದ ಮಾತು. ಹೇಳುತ್ತ ಹೇಳುತ್ತ ಅವನಿಗೇ ಅದು ಕಟ್ಟುಕತೆಯ ಹಾಗೆ ಕೇಳಿಸತೊಡಗಿತು. ಅಜ್ಮನ್ ಎಲ್ಲವನ್ನೂ ಕೇಳಿ, ತಾವು ಇಲ್ಲಿ ಕೂತು ಚಿನ್ನ ಸಾಗಿಸುವವರನ್ನು, ಪಕ್ಷಿ ಸಾಗಿಸುವವರನ್ನು, ಒಮ್ಮೆ ಪ್ಯಾಂಟಿನೊಳಗೆ ಆಮೆ ಇಟ್ಟುಕೊಂಡವನನ್ನು ಹಿಡಿದಿದ್ದೇವೆ, ಚಹಾ ಕುಡಿಯಲು ಗಡಿಗೆ ಬಂದವನು ಇದೇ ಮೊದಲು ಎಂದರು. ಸರ್ವೆಯವರಿಂದ ತಪ್ಪಾಗಿದೆ ಎಂದು ತಿದ್ದುಪಡಿ ಹಾಕಿಸಿ ಎಂದು ಬುದ್ಧಿ ಹೇಳಿ ಕಳಿಸಿದರು.

ಹುಮೈರಾ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಪಾಕ್ ಚಿಕ್ ಅವರ ಕಷ್ಟ ತನಗೆ ಅರ್ಥವಾಗುತ್ತದೆ, ಆದರೆ ವರದಿ ಆಗಲೇ ಮೇಲಿನವರಿಗೆ ಹೋಗಿದೆ. ಕುಟುಂಬದ ಭೇಟಿಗಾಗಿ ವಾರವಾರ ಹೋಗುವವರು ಎಂಬ ವಿಭಾಗದಲ್ಲಿ ಸಿಕ್ಕಿದ್ದು ಪಾಕ್ ಚಿಕ್ ಒಬ್ಬರೇ. ಅವರನ್ನು ತೆಗೆದರೆ ಆ ವಿಭಾಗವೇ ಇಲ್ಲವಾಗುತ್ತದೆ, ಅದರ ಮೇಲೆ ದೊಡ್ಡವರೊಬ್ಬರು ಆಗಲೇ ಭಾಷಣ ಬೇರೆ ಮಾಡಿದ್ದಾರೆ. ಇಷ್ಟು ಹೇಳಿ, ಬೇಸರಪಟ್ಟುಕೊಳ್ಳಬಾರದೆಂದು ಕೇಳಿಕೊಂಡು, ಕೊನೆಗೆ ಆ ಕಡೆಯ ಮನೆಯವರೆಲ್ಲ ಆರೋಗ್ಯವೇ ಎಂದು ವಿಚಾರಿಸಿದಳು. ಬಹರೂಮ್ ಆರೋಗ್ಯ ಎಂದು ಹೇಳಿ ಫೋನು ಇಟ್ಟ. ಅವನ ಬಾಯಿಯ ಸ್ವಭಾವವೇ ಹಾಗೆ. ಎದುರಿನವರು ಮರ್ಯಾದೆಯಿಂದ ಕೇಳಿದರೆ ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡುತ್ತಿತ್ತು. ಹೊಸ್ತಿಲಲ್ಲಿ ನಿಂತಿದ್ದ ಸಲ್ಮಿಯಾ ಆ ಒಂದೇ ಮಾತನ್ನು ಕೇಳಿಸಿಕೊಂಡು ಒಳಗೆ ಹೋದಳು.

ಇನ್ನು ಉಳಿದದ್ದು ಒಂದೇ ದಾರಿ. ರಾತ್ರಿಯ ಊಟಕ್ಕೆ ಕೂತಾಗ ಬಹರೂಮ್ ಅವಳಿಗೂ ಚಹಾದ ಸತ್ಯ ಹೇಳಿದ. ಇಷ್ಟು ದಿನ ಹಿತ್ತಾಳೆ ಸಾಮಾನು ಎಂದದ್ದು ಸುಳ್ಳು, ಕುಡಿದದ್ದು ಚಹಾ, ತಿಂದದ್ದು ಬಜ್ಜಿ ಎಂದ. ಸಲ್ಮಿಯಾ ಕೇಳುತ್ತ ಕೂತಳು. ಬಜ್ಜಿಯ ಮಾತು ಬಂದಾಗ ಅವಳ ಮುಖ ಕೆಂಪಾಗಿದ್ದು ನೋಡಿ, ನಂಬಿದಳು ಎಂದು ಅವನಿಗೆ ಅರೆಗಳಿಗೆ ಸಂತೋಷವಾಯಿತು. ಅವಳು ಎದ್ದು, ಪಾದಾಂಗ್ ಬೆಸಾರ್ ಕ್ಯಾಂಟೀನಿನ ನಂಬರು ಹುಡುಕಿ, ಅವನೆದುರೇ ಫೋನು ಮಾಡಿ ಸ್ಪೀಕರು ಹಾಕಿದಳು. ಬಹರೂಮ್ ಎಂಬ ದಪ್ಪನೆಯ ಮನುಷ್ಯ ಶನಿವಾರ ಶನಿವಾರ ಅಲ್ಲಿ ಬಂದು ಕೂರುತ್ತಾರೆಯೇ ಎಂದು ವಿಚಾರಿಸಿದಳು.

ಕ್ಯಾಂಟೀನಿನ ಯಜಮಾನ ಜಬರುಲ್ಲಾ ಒಳ್ಳೆಯ ಮನುಷ್ಯ. ಯಾವತ್ತಾದರೂ ಹೆಂಡತಿ ಫೋನು ಮಾಡಿದರೆ ತನ್ನನ್ನು ನೋಡಿಯೇ ಇಲ್ಲವೆನ್ನು ಎಂದು ಬಹರೂಮ್ ಹಿಂದೆ ಅವನ ಕೈ ಹಿಡಿದು ಬೇಡಿಕೊಂಡಿದ್ದ. ಕೊಟ್ಟ ಮಾತಿಗೆ ತಪ್ಪುವ ಜಾತಿ ಅಲ್ಲ ಜಬರುಲ್ಲಾನದು.

"ಇಲ್ವಲ್ಲಾ ಅಕ್ಕಾ" ಎಂದ. "ಆ ಹೆಸ್ರಿನವ್ರು ಯಾರೂ ಈ ಕಡೆ ಬರೋದೇ ಇಲ್ಲ. ಬೇಕಾದ್ರೆ ಕುರಾನ್ ಮುಟ್ಟಿ ಹೇಳ್ತೀನಿ."

ಬಹರೂಮ್ ಫೋನಿಗೆ ಬಾಯಿ ಹಾಕಿ, ನಾನಯ್ಯಾ ಬಹರೂಮ್, ನಿಜ ಹೇಳು ಮಾರಾಯ ಎಂದು ಅಂಗಲಾಚಿದ. ಇದು ತನ್ನ ನಿಷ್ಠೆಯ ಪರೀಕ್ಷೆ ಎಂದು ಜಬರುಲ್ಲಾನಿಗೆ ಅನಿಸಿರಬೇಕು. ಈ ದನಿಯನ್ನು ತಾನು ಜೀವಮಾನದಲ್ಲೇ ಕೇಳಿಲ್ಲವೆಂದು ಇನ್ನಷ್ಟು ಗಟ್ಟಿಯಾಗಿ ಹೇಳಿ ಫೋನು ಕಡಿದ.

ಸಲ್ಮಿಯಾ ತಟ್ಟೆಗಳನ್ನು ಎತ್ತಿಕೊಂಡಳು. ಈ ಶನಿವಾರ ನಾವೂ ರೈಲಿನಲ್ಲಿ ಬರುತ್ತೇವೆ, ನಾನು ಮತ್ತು ಬಾಂಗ್ ಲಾಂಗ್, ಹಾಟ್ ಯಾಯ್ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಯಾರು ಗುರುತು ಹಿಡಿಯುತ್ತಾರೋ ನೋಡೋಣ ಎಂದಳು. ಬಹರೂಮನಿಗೆ ಮೊದಲು ಎದೆ ಝಲ್ಲೆಂದಿತು. ಆಮೇಲೆ ಯೋಚಿಸಿ ನೋಡಿದ. ಕಾಲಿಡದ ಊರಿನಲ್ಲಿ ಗುರುತು ಹಿಡಿಯುವವರು ಎಲ್ಲಿಂದ ಬರುತ್ತಾರೆ? ಅಂದು ಅವನು ಚೆನ್ನಾಗಿ ನಿದ್ದೆ ಮಾಡಿದ.

ಶನಿವಾರ ಬೆಳಿಗ್ಗೆ ಮೂವರೂ ಪಾದಾಂಗ್ ಬೆಸಾರಿನಲ್ಲಿ ಇಳಿದರು. ವಾರಕ್ಕೊಮ್ಮೆ ಗಾಳ ಹಾಕಲು ಕೆರೆಗೆ ಹೋಗುವುದನ್ನೂ ಬಿಟ್ಟು ತಂಗಿಯ ಸಲುವಾಗಿ ಬಂದಿದ್ದೇನೆಂದು ಮನ್ಸೋರ್ ದಾರಿಯುದ್ದಕ್ಕೂ ನೆನಪಿಸಿದ್ದ. ಸ್ಟೇಷನ್ನಿನಲ್ಲಿ ಬಹರೂಮನ ಕಣ್ಣು ಕಟ್ಟಿದ ಹಾಗಾಯಿತು. ಮೇಲಿನಿಂದ ನೋಡುವಾಗ ಸಲೀಸಾಗಿ ಕಂಡದ್ದು ಕೆಳಗಿಳಿದರೆ ಯಾವುದೂ ಗೊತ್ತಾಗಲಿಲ್ಲ. ಟಿಕೆಟ್ಟು ಎಲ್ಲಿ ಕೊಡುತ್ತಾರೆಂದು ಕಸ ಗುಡಿಸುವವನನ್ನು ಕೇಳಿದ. ಹೊರಗಿನಿಂದ ಬರುವವರ ಸಾಲಿನಲ್ಲಿ ಹೋಗಿ ನಿಂತು ಬೈಸಿಕೊಂಡ. ಬೆರಳಚ್ಚಿನ ಯಂತ್ರದ ಮೇಲೆ ಎಡಗೈ ಇಟ್ಟ. ಥಾಯ್ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂಬುದು ನೆನಪಿಲ್ಲದೆ, ರೈಲು ಹೊರಟುಹೋಯಿತು ಎಂದು ಗಾಬರಿಯಿಂದ ಓಡಿ, ಖಾಲಿ ಹಳಿ ನೋಡಿ ನಿಂತ.

ಇಷ್ಟು ದಡ್ಡತನವೇ ನಿರಪರಾಧಿ ಎನ್ನುವುದಕ್ಕೆ ಸಾಕಾಗಬೇಕಿತ್ತು. ಸಲ್ಮಿಯಾ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ನಟಿಸುತ್ತಾರೆ ನೋಡು ಎಂದು ಅಣ್ಣನಿಗೆ ಹೇಳಿದಳು.

ಮನ್ಸೋರ್ ತಲೆಯಾಡಿಸಿದ. ಅವನು ಯಾವ ಸಾಲು ಬೇಗ ಸರಿಯುತ್ತದೆಂದು ದೂರದಿಂದಲೇ ಹೇಳಿ ತಂಗಿಯನ್ನು ಅಲ್ಲಿ ನಿಲ್ಲಿಸಿದ. ರೈಲು ಬಂದೊಡನೆ ಕೊನೆಯ ಬೋಗಿಗೆ ನಡೆಸಿ, ಬಿಸಿಲು ಬೀಳದ ಬದಿಯ ಕಿಟಕಿ ಹಿಡಿದು ಕೊಟ್ಟ. ಫ್ಯಾನು ತಿರುಗುವುದು ಇದೊಂದರದ್ದೇ ಎಂದ. ಅಣ್ಣನಿಗೆ ಇದೆಲ್ಲ ಹೇಗೆ ಗೊತ್ತೆಂದು ಸಲ್ಮಿಯಾ ಕೇಳಿದ್ದಕ್ಕೆ, ಇಂಟರ್‌ನೆಟ್ಟಿನಲ್ಲಿ ಓದಿದೆ, ಕೆಲಸಕ್ಕೆ ಹೊರಟ ಮೇಲೆ ತಯಾರಿ ಬೇಕಲ್ಲ ಎಂದ.

ಬೋಗಿ ತುಂಬಿತು. ಬಹರೂಮನಿಗೆ ಹೆಂಡತಿಯ ಎದುರು ಸೀಟು. ಪಾಸ್‌ಪೋರ್ಟಿನ ಮೊದಲ ಮುದ್ರೆ ಒಣಗಿದೆಯೋ ಇಲ್ಲವೋ ಎಂದು ಅವನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಹೊರಗೆ ರಬ್ಬರ್ ತೋಟಗಳು ಹಿಂದೆ ಸರಿಯುತ್ತಿದ್ದವು. ಮನ್ಸೋರ್ ತೂಕಡಿಸಿದ ಮೇಲೆ ಸಲ್ಮಿಯಾ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದಳು.

"ಸಕ್ಕರೆ ಬೇಡ ಅಂತ ನಾನು ಕಾಟ ಕೊಟ್ಟೆ, ಹೌದು. ನೀವು ಇನ್ನೊಂದಷ್ಟು ವರ್ಷ ಇರ್ಲಿ ಅಂತ ಕೊಟ್ಟೆ. ಹಾಗೆ ಉಳಿಸ್ಕೊಂಡಿದ್ದು ಬೇರೆಯೋಳಿಗೆ ಅಂತ ಗೊತ್ತಿದ್ರೆ ದಿನಾ ಬಕೆಟ್ಟಲ್ಲಿ ಚಹಾ ಮಾಡ್ಕೊಡ್ತಿದ್ದೆ."

ಬಹರೂಮ್ ಅವಳ ಕಡೆ ಬಾಗಿದ. ಬೇರೆ ಯಾರೂ ಇಲ್ಲ, ನೀನು ಕೊಡುವ ಹಾಗಲಕಾಯಿ ರಸದ ಮೇಲಾಣೆ ಎಂದ. ಅವಳು ನಗಲಿಲ್ಲ, ಆದರೆ ಬೈಯಲೂ ಇಲ್ಲ. ಅವನು ಅದನ್ನೇ ದೊಡ್ಡದೆಂದುಕೊಂಡ.

ಹಾಟ್ ಯಾಯ್ ಪೇಟೆಯೊಳಗೆ ನೂರು ಹೆಜ್ಜೆ ಹೋಗಿರಲಿಕ್ಕಿಲ್ಲ. ಗೋಡಂಬಿ ರಾಶಿ ಹಾಕಿಕೊಂಡು ಕೂತಿದ್ದ, ತಲೆಗೆ ಹೂವಿನ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ಬಹರೂಮನನ್ನು ಕಂಡದ್ದೇ ಎದ್ದು ನಿಂತು, ಮುಖ ತುಂಬ ನಕ್ಕು, ನಮ್ಮ ಮಲಯ ಭಾಷೆಯಲ್ಲೇ ಕೂಗಿದಳು.

"ಅಬಾಂಗ್, ಎಲ್ಲಿ ಕಾಣೆಯಾಗ್ಬಿಟ್ಟಿದ್ರಿ ಇಷ್ಟು ದಿನ? ನನ್ನ ಮರ್ತೇಬಿಟ್ರಾ?"

ಇಲ್ಲೊಂದು ಮಾತು ಹೇಳಬೇಕು. ನಮ್ಮವರಲ್ಲಿ ಹೆಂಡತಿ ಗಂಡನನ್ನು ಕರೆಯುವುದೂ ಅಬಾಂಗ್ ಎಂದೇ, ವ್ಯಾಪಾರದವಳು ಗಿರಾಕಿಯನ್ನು ಕರೆಯುವುದೂ ಅಬಾಂಗ್ ಎಂದೇ. ಒಂದೇ ಪದಕ್ಕೆ ಎರಡು ಕೆಲಸ ಹಚ್ಚಿದ ಹಿರಿಯರು ಬಹರೂಮನಂಥವನ ಗತಿ ಏನೆಂದು ಯೋಚಿಸಿದವರಲ್ಲ.

ಸಲ್ಮಿಯಾ ನಿಂತಲ್ಲೇ ನಿಂತಳು. ಮನ್ಸೋರ್ ಕೈಕಟ್ಟಿ, ಸಿಕ್ಕಿಬಿದ್ದೆಯಲ್ಲ ಎಂಬಂತೆ ನೋಡಿದ. ಇವಳು ಎಲ್ಲರನ್ನೂ ಹೀಗೇ ಕೂಗುತ್ತಾಳೆ, ಸ್ವಲ್ಪ ನಿಂತು ನೋಡು, ಇದೊಂದು ಉಪಕಾರ ಮಾಡು ಎಂದು ಬಹರೂಮ್ ಬೆವರುತ್ತ ಬೇಡಿಕೊಂಡ. ಸಲ್ಮಿಯಾ ಕಂಬದ ಮರೆಗೆ ಸರಿದು ನಿಂತಳು. ಕೋಲೂರಿಕೊಂಡು ಬಂದ ಮುದುಕನೊಬ್ಬ ಗೋಡಂಬಿಯ ಮುಂದೆ ಹಾದ. ಅಬಾಂಗ್, ಎಲ್ಲಿ ಕಾಣೆಯಾಗಿದ್ರಿ? ಮುದುಕ ನಾಚಿಕೊಂಡು ಒಂದು ಪೊಟ್ಟಣ ಕೊಂಡ. ಹಿಂದೆಯೇ ಚಡ್ಡಿ ಹಾಕಿದ ಎತ್ತರದ ಬಿಳಿಯನೊಬ್ಬ ಬಂದ, ಈ ದೇಶಕ್ಕೆ ಅದೇ ಬೆಳಿಗ್ಗೆ ಇಳಿದವನ ಹಾಗೆ ಕೆಂಪಾಗಿದ್ದ. ಅವಳು ಅವನಿಗೂ, ನನ್ನ ಮರೆತೇಬಿಟ್ಟಿರಾ ಎಂದು ಹುಸಿಮುನಿಸು ತೋರಿದಳು.

ಸಲ್ಮಿಯಾ ಕಂಬದ ಮರೆಯಿಂದ ಹೊರಬಂದಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಬಹರೂಮ್ ಹತ್ತಿರ ಹೋದರೆ ಅವಳು ನಗುತ್ತಿದ್ದಳು. ನಗು ತಡೆಯಲು ತಲೆಬಟ್ಟೆಯ ಅಂಚನ್ನು ಬಾಯಿಗೊತ್ತಿಕೊಂಡಿದ್ದಳು. ಇಷ್ಟು ವಾರಗಳ ಮೇಲೆ ಮೊದಲ ಸಲ ಅವಳು "ಅಬಾಂಗ್" ಎಂದಳು. ಹಸಿವಾಗ್ತಿದೆ ಅಬಾಂಗ್, ಏನಾದರೂ ತಿನ್ನೋಣ ಎಂದಳು. ಬೇಕಾದರೆ ಅರ್ಧ ಲೋಟ ಸಿಹಿ ಚಹಾ ಕುಡಿಯಿರಿ, ಇವತ್ತೊಂದು ದಿನ ಎಂದೂ ಹೇಳಿದಳು. ಬಹರೂಮನಿಗೆ ಪೇಟೆಯ ದೀಪಗಳೆಲ್ಲ ಹಗಲಿನಲ್ಲೇ ಹತ್ತಿಕೊಂಡ ಹಾಗೆ ಕಂಡಿತು.

ಹುರಿದ ಕೋಳಿಯ ಅಂಗಡಿಗಳು ಸಾಲಾಗಿದ್ದವು. ಮನ್ಸೋರ್ ಮುಂದಿನ ಬೀದಿಯಲ್ಲಿ ಒಳ್ಳೆಯದಿದೆ ಎಂದು ಎಳೆದ. ಸಲ್ಮಿಯಾ, ಕಾಲು ನೋಯುತ್ತದೆ ಇಲ್ಲೇ ಸಾಕು ಎಂದು ಎದುರಿಗೆ ಸಿಕ್ಕಿದ ಅಂಗಡಿಯಲ್ಲಿ ಕೂತಳು. ಮನ್ಸೋರ್ ಬಾಗಿಲ ಕಡೆಗೆ ಬೆನ್ನು ಮಾಡಿ, ಟೋಪಿಯನ್ನು ಹುಬ್ಬಿನವರೆಗೆ ಇಳಿಸಿ ಕೂತ. ಬಿಸಿಲಿಗೆ ಎಂದ.

ಒಲೆಯ ಹತ್ತಿರವಿದ್ದ ಯಜಮಾನಿ ನಲವತ್ತರ ಆಸುಪಾಸಿನ ದುಂಡನೆಯ ಹೆಂಗಸು. ಯಾರನ್ನೂ ಕೂಗಿ ಕರೆಯಲಿಲ್ಲ, ಯಾರಿಗೂ ಹಲ್ಲು ಕಿರಿಯಲಿಲ್ಲ. ಸಲ್ಮಿಯಾಳಿಗೆ ಏನು ಬೇಕೆಂದು ಕೇಳಿದಳು, ಬಹರೂಮನಿಗೆ ಏನು ಬೇಕೆಂದು ಕೇಳಿದಳು. ಮನ್ಸೋರನನ್ನು ಏನೂ ಕೇಳಲಿಲ್ಲ. ಸುಮ್ಮನೆ ಹೋಗಿ, ಒಂದು ತಟ್ಟೆ ತಂದು ಅವನ ಮುಂದಿಟ್ಟಳು.

"ತೊಡೆ ತುಂಡು. ಖಾರ ಹಾಕಿಲ್ಲ. ಹುರಿದ ಈರುಳ್ಳಿ ಜಾಸ್ತಿ" ಎಂದಳು. ಅವನ ಟೋಪಿಯ ಮೇಲೆ ಕೂತಿದ್ದ ನೊಣವನ್ನು ಕೈಯಿಂದ ಓಡಿಸಿ, ಒಲೆಯ ಕಡೆ ತಿರುಗಿ ಹೋದಳು.

ಸಲ್ಮಿಯಾ ತಟ್ಟೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಊರಿನಲ್ಲಿರುವ ಅತ್ತಿಗೆಯ ನೆನಪು ಅವಳ ಮುಖದ ಮೇಲೆ ಹಾದದ್ದು ಬಹರೂಮನಿಗೂ ಕಂಡಿತು. ಅಷ್ಟರಲ್ಲಿ ಮೇಜಿನ ಕೆಳಗೆ ಒಂದು ಕೈ ಬಂದು ಅವನ ಮಂಡಿಯನ್ನು ಹಿಡಿದುಕೊಂಡಿತು. ಬಹರೂಮ್ ತಿರುಗಿ ನೋಡಿದ. ಬಾಂಗ್ ಲಾಂಗ್‌ನ ಕಣ್ಣಿನಲ್ಲಿ ಅಷ್ಟು ದೈನ್ಯವನ್ನು ಅವನು ಎಂದೂ ಕಂಡಿರಲಿಲ್ಲ. ಅಂಥ ಮುಖವನ್ನು ಈಚೆಗೆ ಕನ್ನಡಿಯಲ್ಲಿ ಮಾತ್ರ ನೋಡಿದ್ದ. ಈ ಮನುಷ್ಯ ತನ್ನನ್ನು ಕುರ್ಚಿಯೆದುರು ನಿಲ್ಲಿಸಿ ಹಾಳೆ ಹಾಳೆ ಬೆಳಕಿಗೆ ಹಿಡಿದವನು, ಬೇಲಿ ಹಾರಿಸಿದವನು ಎಂಬುದೆಲ್ಲ ನೆನಪಿಗೆ ಬರುವ ಮೊದಲೇ ಬಹರೂಮನ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು.

"ಅದು ನಾನೇ ಹೇಳಿದ್ದು ಅವಳಿಗೆ" ಎಂದ. "ಬಾಂಗ್ ಲಾಂಗ್‌ಗೆ ಖಾರ ಆಗಲ್ಲ ಅಂತ."

ಮಂಡಿಯ ಮೇಲಿದ್ದ ಕೈ ಸಡಿಲವಾಯಿತು. ಸಲ್ಮಿಯಾ ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ವಾಪಸು ಹಾಕಿ, ಬೆರಳು ಒರೆಸಿಕೊಂಡಳು.

"ಯಾವಾಗ ಹೇಳಿದ್ರಿ ಅವಳಿಗೆ?"

ಬಹರೂಮ್ ನೆರವಿಗಾಗಿ ಪಕ್ಕಕ್ಕೆ ನೋಡಿದ. ಮನ್ಸೋರ್ ಟೋಪಿಯನ್ನು ಹಿಂದಕ್ಕೆ ಸರಿಸಿ, ನೆಟ್ಟಗೆ ಕೂತು, ತೊಡೆ ತುಂಡನ್ನು ಕೈಗೆತ್ತಿಕೊಂಡು, ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದವನನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದ.

"ಹೌದು ಬಹರೂಮ್, ಯಾವಾಗ ಹೇಳ್ದೆ?" ಎಂದ. "ನಂಗೂ ಗೊತ್ತಾಗ್ಬೇಕು."